ಇಲ್ಲದ ಮಗುವಿನ ಹೆಸರು

ಖಂಡೇನವಮಿಯ ಬೆಳಿಗ್ಗೆ ಸೌಮ್ಯಾಳ ಫೋನು ದೇವರ ಜಗಲಿಯ ಮೇಲೆ ಅಂಗಾತ ಮಲಗಿತ್ತು. ಅದರ ಒಂದು ಮಗ್ಗುಲಿಗೆ ಮಾವ ಬಸವಂತಪ್ಪನವರ ಪಾನಾ, ಪಕ್ಕಡ, ಗರಗಸ; ಇನ್ನೊಂದು ಮಗ್ಗುಲಿಗೆ ಅತ್ತೆ ರುದ್ರವ್ವನವರ ಈಳಿಗೆ, ಹೊಲಿಗೆಯ ಕತ್ತರಿ. ಎಲ್ಲದರ ಮೈಮೇಲೂ ವಿಭೂತಿಯ ಎಳೆ, ತಲೆಗೊಂದು ಚೆಂಡುಹೂ. ವರ್ಷವಿಡೀ ದುಡಿದ ಆಯುಧಗಳಿಗೆ ಅಂದು ವಿಶ್ರಾಂತಿ. ಹೀಗೆ ಪೂಜೆಗೆ ಇಟ್ಟದ್ದನ್ನು ಮರುದಿನ ದಸರೆಯ ಪೂಜೆ ಆಗುವ ತನಕ ಆ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಊದಿನಕಡ್ಡಿಯ ಹೊಗೆ ಕಿಟಕಿಯ ಬಿಸಿಲಿಗೆ ಸಿಕ್ಕಿ ನಿಧಾನವಾಗಿ ಸುರುಳಿ ಬಿಚ್ಚುತ್ತಿತ್ತು. ಆ ಹೊಗೆಯ ನಡುವೆ ಫೋನು ಸದ್ದಿಲ್ಲದೆ ಹೊತ್ತಿಕೊಂಡಿತು. ವಿಭೂತಿಯ ಎಳೆಗಳ ಹಿಂದಿನಿಂದ ಬೆಳಕು ಮೂಡಿ, ಧ್ಯಾನಕ್ಕೆ ಕೂತ ಯಾರೋ ಅರೆಗಣ್ಣು ತೆರೆದಂತಾಯಿತು.

ಸೌಮ್ಯಾ ಅದನ್ನು ಕಂಡಳು. ಅವಳು ಎಲ್ಲವನ್ನೂ ಕಾಣುವವಳು. ಗ್ಯಾಸು ಬಂದ್ ಮಾಡಿ ಬಂದ ಮೇಲೂ ಒಮ್ಮೆ ಹಿಂದಿರುಗಿ ನೋಡುವವಳು, ಬೀಗ ಹಾಕಿದ ಮೇಲೂ ಜಗ್ಗಿ ನೋಡುವವಳು. ಕೈ ಕಟ್ಟಿಕೊಂಡು, ಮುಟ್ಟದೆ, ಬಗ್ಗಿ ಓದಿದಳು.

“ನಿಮ್ಮ ಕುಟುಂಬಕ್ಕೆ ಒಂದು ಮಗುವನ್ನು ಸೂಚಿಸಲಾಗಿದೆ. ವಿವರಗಳನ್ನು ನಿಮ್ಮ ಇ–ಮೇಲ್‌ಗೆ ಕಳಿಸಲಾಗಿದೆ. ನಾಳೆ ಸಂಜೆಯೊಳಗೆ ಒಪ್ಪಿಗೆ ತಿಳಿಸದಿದ್ದರೆ ಮಗುವನ್ನು ಮುಂದಿನ ಕುಟುಂಬಕ್ಕೆ ಸೂಚಿಸಲಾಗುವುದು.”

ದತ್ತು ತೆಗೆದುಕೊಳ್ಳಲು ಅವಳೂ ಗಂಡ ಶ್ರೀಶೈಲನೂ ಅರ್ಜಿ ಹಾಕಿ ವರ್ಷಗಳೇ ಆಗಿದ್ದವು. ಮನೆ ನೋಡಲು ಬಂದವರು ನೋಡಿ ಹೋಗಿದ್ದರು, ಪ್ರಶ್ನೆ ಕೇಳುವವರು ಕೇಳಿ ಹೋಗಿದ್ದರು. ಆಮೇಲೆ ಬರೇ ಕಾಯುವುದು. ಕಾದು ಕಾದು ಆ ಕಾಯುವಿಕೆಯೇ ಮನೆಯಲ್ಲಿ ಒಬ್ಬ ಸದಸ್ಯನಂತೆ ಆಗಿಬಿಟ್ಟಿತ್ತು. ಅದಕ್ಕೂ ಒಂದು ಕುರ್ಚಿ, ಒಂದು ತಟ್ಟೆ.

ಅವಳ ಕೈ ತಾನಾಗಿ ಮುಂದೆ ಹೋಯಿತು.

“ಮುಟ್ಟಬ್ಯಾಡ!” ಎಂದರು ರುದ್ರವ್ವ ಅಡುಗೆಮನೆಯ ಬಾಗಿಲಿನಿಂದ. “ಒಂದ ದಿನ ಅದನ್ನ ಬಿಟ್ಟರ ಜೀವ ಹೋಗೂದಿಲ್ಲ.”

“ಅತ್ಯಾರ, ಕೂಸಿಂದು ಮೆಸೇಜ್ ಬಂದೈತ್ರಿ.”

ರುದ್ರವ್ವ ಹಾಗೆಯೇ ನಿಂತರು. ಕೈಯಲ್ಲಿ ಹೋಳಿಗೆಯ ಹೂರಣದ ಉಂಡೆ. ದತ್ತಿನ ಮಾತು ಬಂದಾಗಲೆಲ್ಲ ಅವರು ಎದ್ದು ಒಳಗೆ ಹೋಗುತ್ತಿದ್ದರು. ಬೇಡ ಎಂದೂ ಅಂದವರಲ್ಲ, ಬೇಕು ಎಂದೂ ಅಂದವರಲ್ಲ. ಈಗಲೂ ಒಳಗೆ ಹೋದರು. ಆದರೆ ಹೋಗುವ ಮೊದಲು ಜಗಲಿಯ ಕಡೆ ಒಮ್ಮೆ ಕೈಮುಗಿದದ್ದನ್ನು ಸೌಮ್ಯಾ ಗಮನಿಸಿದಳು. ಅದನ್ನೇ ಅಪ್ಪಣೆ ಎಂದುಕೊಂಡು ಫೋನು ಎತ್ತಿಕೊಂಡಳು.

ಮೇಲ್ ತೆರೆಯಲು ಹೋದರೆ ಅದರ ಆ್ಯಪೇ ಇರಲಿಲ್ಲ. ಹೊಸದಾಗಿ ಹಾಕಿಕೊಂಡು ಪಾಸ್‌ವರ್ಡ್ ಕೊಟ್ಟಳು. ಅದು ಆರು ಅಂಕಿ ಕೇಳಿತು. ಇದು ಅವಳೇ ಹಾಕಿಕೊಂಡಿದ್ದ ಎರಡನೆಯ ಬೀಗ. ಯಾರದೋ ಖಾತೆ ಕದ್ದ ಸುದ್ದಿ ಓದಿ ಹೆದರಿ, ಅಂಕಿ ತೋರಿಸುವ ಬೇರೊಂದು ಆ್ಯಪನ್ನು ಇಟ್ಟುಕೊಂಡಿದ್ದಳು. ಅರ್ಧ ನಿಮಿಷಕ್ಕೊಮ್ಮೆ ಅದರ ಸಂಖ್ಯೆ ಬದಲಾಗುತ್ತಿತ್ತು. ಪಕ್ಕದಲ್ಲಿ ಚಂದ್ರನಂಥ ಒಂದು ಪುಟ್ಟ ವೃತ್ತ ಸವೆಯುತ್ತ ಸವೆಯುತ್ತ ಹೋಗಿ ಮತ್ತೆ ತುಂಬಿಕೊಳ್ಳುತ್ತಿತ್ತು. ಕೆಲವು ಸಲ ಕಾರಣವಿಲ್ಲದೆಯೂ ಅದನ್ನು ತೆರೆದು ನೋಡುತ್ತ ಕೂರುತ್ತಿದ್ದಳು. ಸಮಾಧಾನವಾಗುತ್ತಿತ್ತು.

ಈಗ ಆ ಆ್ಯಪೂ ಇರಲಿಲ್ಲ.

“ಮಾವಾರ,” ಎಂದಳು, ದನಿ ಏರದಂತೆ ನೋಡಿಕೊಂಡು. “ನಿನ್ನೆ ಫೋನು ಒರಸ್ತೀನಿ ಅಂತ ಇಸ್ಕೊಂಡಿದ್ರಲ್ಲ?”

ಬಸವಂತಪ್ಪ ಪೇಪರಿನಿಂದ ತಲೆ ಎತ್ತಿದರು. ಒಂದು ಕಾಲಕ್ಕೆ ಮುಂಬಯಿಯ ಪರೇಲಿನ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಿರಣಿಯ ಜಾಗದಲ್ಲಿ ಗಾಜಿನ ಆಫೀಸು ಬಂದರೂ, ಹಬ್ಬದ ಹಿಂದಿನ ದಿನ ಆಯುಧಗಳನ್ನು ತೊಳೆದು, ಎಣ್ಣೆ ಹಚ್ಚಿ, ತುಕ್ಕು ಕೆರೆದು ಇಡುವುದನ್ನು ಅವರು ಬಿಟ್ಟಿರಲಿಲ್ಲ. ಫೋನಿನ ಪಾಸ್‌ವರ್ಡ್ ಅವರಿಗೆ ಗೊತ್ತಿತ್ತು. ತನಗೇನಾದರೂ ಆದರೆ ಇರಲಿ ಎಂದು ಸೌಮ್ಯಾಳೇ ಹೇಳಿಕೊಟ್ಟಿದ್ದಳು.

“ಒರಸೀನಲ್ಲ. ಒಳಗೂ ಸ್ವಚ್ಛ ಮಾಡೀನಿ,” ಎಂದರು ಹೆಮ್ಮೆಯಿಂದ. “ಬರೇ ಮ್ಯಾಲ ಒರಸಿದ್ರ ಪೂಜಾ ಆಗ್ತೈತೇನು? ಅಂಗಡಿಯಾಂವ ತೋರಿಸ್ಯಾನ ನನಗ, ಬ್ಯಾಡಾದ ಆ್ಯಪ್ ಹೆಂಗ ತಗೀಬೇಕು ಅಂತ. ಒಂದರಾಗ ಹಳೇ ಕಾಗದದ ಕಸಾ ತುಂಬಿತ್ತು. ಇನ್ನೊಂದಂತೂ ಏನೂ ಕೆಲಸಾನ ಮಾಡ್ತಿರಲಿಲ್ಲ. ಸುಮ್ಮನ ನಂಬರ್ ತಿರಿಗಿಸಿಕೋತ ಕೂತಿತ್ತು, ಕೆಟ್ಟ ಮೀಟರ್ ಹಂಗ. ಕೆಟ್ಟದ್ದನ್ನ ದೇವರ ಮುಂದ ಇಡಬಾರದವಾ.”

ಸೌಮ್ಯಾ ಆ್ಯಪ್‌ಗಳ ಸಾಲನ್ನು ಇನ್ನೊಮ್ಮೆ ಹುಡುಕಿದಳು. ಮಾತು ಆಡಿಬಿಟ್ಟರೆ ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಒಳಗಿನಿಂದ ರುದ್ರವ್ವ ಅಂದರು: “ಗಿರಣಿ ಮುಚ್ಚಿದ್ರೂ ಈ ಮನಶ್ಯಾನ ಕೈ ಮುಚ್ಚಲಿಲ್ಲ ನೋಡು. ಏನು ಕಂಡ್ರೂ ಬಿಚ್ಚೂದ.”

ಸಂಗತಿ ಏನೆಂದು ತಿಳಿದ ಮೇಲೆ ಬಸವಂತಪ್ಪ ಪೇಪರನ್ನು ಮಡಿಚಿಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಮನೆಗೆ ಬಂದವರ ಹಾಗೆ ಕೂತರು.

ಅಂಕಿಯ ಆ್ಯಪನ್ನು ಮತ್ತೆ ಹಾಕಿಕೊಂಡಳು. ತೆರೆದರೆ ಖಾಲಿ, ಬೆಳ್ಳಗೆ. ಇಲ್ಲಿ ಯಾವ ಖಾತೆಯೂ ಇಲ್ಲ ಎಂದಿತು. ಇಂಥ ದಿನಕ್ಕಿರಲಿ ಎಂದು ಕಂಪನಿ ಕೊಟ್ಟಿದ್ದ ಬದಲಿ ಸಂಖ್ಯೆಗಳಿದ್ದವು. ಅವು ಯಾರ ಕೈಗೂ ಸಿಗಬಾರದೆಂದು ಫೋಟೋ ತೆಗೆದು ಅದೇ ಇ–ಮೇಲ್ ಖಾತೆಯೊಳಗೇ ಇಟ್ಟಿದ್ದಳು. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಹಾಕಿ ಮುಚ್ಚಿದ ಹಾಗೆ. ದತ್ತಿನ ಕಚೇರಿಗೆ ಫೋನು ಮಾಡಿದಳು. ದಸರೆಯ ರಜೆ ಎಂದು ಧ್ವನಿಮುದ್ರಿತ ಹೆಂಗಸು ಸವಿಯಾಗಿ ಹೇಳಿದಳು. ಶ್ರೀಶೈಲ ರಿಫೈನರಿಯೊಳಗಿದ್ದ. ಅಲ್ಲಿ ಫೋನನ್ನು ಗೇಟಿನಲ್ಲೇ ಬಿಟ್ಟು ಹೋಗಬೇಕು. ಸಂಜೆಯ ತನಕ ಸಿಗುವವನಲ್ಲ.

ಉಳಿದದ್ದು ಒಂದೇ ದಾರಿ. ‘ಬೇರೆ ರೀತಿಯಲ್ಲಿ ಪ್ರಯತ್ನಿಸಿ’ ಎಂಬುದನ್ನು ಒತ್ತಿದಳು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಖಾತೆ ತೆರೆದ ದಿನ, ಹತ್ತಾರು ಪ್ರಶ್ನೆಗಳ ನಡುವಿನಿಂದ ಅವಳೇ ಆರಿಸಿಕೊಂಡ ಪ್ರಶ್ನೆ.

ನಿಮ್ಮ ಮೊದಲ ಮಗುವಿನ ಹೆಸರೇನು?

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಆಗ ಹೊಸದಾಗಿ ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದಿದ್ದಳು. ನಿಜವಾದ ಉತ್ತರ ಕೊಟ್ಟರೆ ಯಾರಾದರೂ ಪತ್ತೆ ಹಚ್ಚಿಯಾರು. ಉತ್ತರವೇ ಇಲ್ಲದ ಪ್ರಶ್ನೆಯನ್ನು ಆರಿಸಿಕೊಂಡರೆ ಯಾರಿಗೂ ಸಿಗುವುದಿಲ್ಲ. ಇಷ್ಟು ಜಾಣತನ ಮಾಡಿದ್ದು ನೆನಪಿದೆ. ಆಮೇಲೆ ಮಕ್ಕಳಾಗಲಿಲ್ಲ, ಪ್ರಶ್ನೆ ಹಾಗೇ ಉಳಿಯಿತು. ಖಾತೆ ತೆರೆದ ಆ ಮಧ್ಯಾಹ್ನ, ಇಲ್ಲದ ಮಗುವಿಗೆ ತಾನು ಯಾವ ಹೆಸರಿಟ್ಟೆ ಎಂಬುದು ಮಾತ್ರ ನೆನಪಿನಿಂದ ಅಳಿಸಿಹೋಗಿತ್ತು.

ಮೂರು ಸಲ ತಪ್ಪಿದರೆ ಒಂದು ವಾರ ಬಾಗಿಲು ಮುಚ್ಚುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಶ್ರಾವ್ಯಾ ಎಂದು ಬರೆದಳು. ಕಾಲೇಜಿನ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ಅದಲ್ಲದೆ ಇನ್ನಾವುದು ಇರಲು ಸಾಧ್ಯ? ಒಂದು ಕ್ಷಣ ಪರದೆ ಯೋಚಿಸಿತು.

ತಪ್ಪು.

ಆಗ ಅವಳಿಗೆ ಮೋಹಿನಿಯ ನೆನಪಾಯಿತು. ಫೋರ್ಟಿನ ವಿಮಾ ಆಫೀಸಿನಲ್ಲಿ ಪಕ್ಕದ ಮೇಜಿನವಳು, ಉಡುಪಿ ಕಡೆಯವಳು. ಊಟದ ಬಿಡುವಿನಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನಲ್ಲಿ ಖಾತೆ ತೆರೆದದ್ದು. ಈಗ ಇಬ್ಬರೂ ಆ ಕೆಲಸ ಬಿಟ್ಟಾಗಿತ್ತು. ಸೌಮ್ಯಾ ಮನೆಯಲ್ಲಿ ಕೂತು ಕರಡು ತಿದ್ದುತ್ತಿದ್ದಳು. ಮೋಹಿನಿ ಅಲ್ಲೇ ಫೋರ್ಟಿನಲ್ಲಿ ಗಂಡ ಚೆನ್ನಯನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದಳು. ಫೋನು ಮಾಡಿದರೆ ಹಬ್ಬದ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. “ಎಂತ? ಕೂಸಾ? ಯಾರಿಗೆ? ನೀನು ಸೀದಾ ಬಾ ಮಾರಾಯ್ತಿ!” ಎಂದು ಇಟ್ಟುಬಿಟ್ಟಳು.

ಚೆಂಬೂರು ಸ್ಟೇಷನ್ನಿಗೆ ಬಂದ ಲೋಕಲ್‌ಗೆ ಮುಂದುಗಡೆ ಚೆಂಡುಹೂವಿನ ಮಾಲೆ, ಮಾವಿನೆಲೆಯ ತೋರಣ. ಲೇಡೀಸ್ ಡಬ್ಬದ ಒಳಗೂ ಯಾರೋ ಬಣ್ಣದ ಕಾಗದ ಕಟ್ಟಿದ್ದರು. ಹೆಂಗಸರೆಲ್ಲ ಅಂದಿನ ನವರಾತ್ರಿಯ ಬಣ್ಣ ಎಂದು ಒಂದೇ ಬಣ್ಣದ ಸೀರೆ ಉಟ್ಟಿದ್ದರು. ಸೌಮ್ಯಾ ಮಾತ್ರ ಮನೆಯ ಬಟ್ಟೆಯಲ್ಲೇ ಬಂದಿದ್ದಳು. ಕಿಟಕಿಯ ಪಕ್ಕ ಕೂತು, ಫೋನಿದ್ದ ಚೀಲವನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಹಾಗೆ ಅಪ್ಪಿಕೊಂಡದ್ದು ಅವಳಿಗೇ ವಿಚಿತ್ರ ಅನ್ನಿಸಿತು. ಆದರೂ ಸಡಿಲಿಸಲಿಲ್ಲ.

ಕುರ್ಲಾ ದಾಟಿದ ಮೇಲೆ ಕಣ್ಣು ತೂಗತೊಡಗಿತು. ಗಾಡಿ ಜೋಲಿಯ ಹಾಗೆ ಆಡುತ್ತಿತ್ತು. ಹೊರಗೆ ಗೋಡೆಗಳು, ಒಣಹಾಕಿದ ಬಟ್ಟೆಗಳು, ಹಳಿಯ ಪಕ್ಕದ ಸಣ್ಣ ಸಣ್ಣ ಸೊಪ್ಪಿನ ಮಡಿಗಳು, ಎಲ್ಲ ನೀರಿನೊಳಗಿನಿಂದ ಕಂಡ ಹಾಗೆ. ಮೇಲಿನ ಸ್ಪೀಕರಿನ ಹೆಂಗಸು “ಪುಢೀಲ್ ಸ್ಟೇಷನ್...” ಎಂದಳು. ಮುಂದಿನ ನಿಲ್ದಾಣ ಶ್ರಾವ್ಯಾ ಎಂದಳು. ಗಾಡಿ ನಿಂತಿತು. ಎರಡು ಜಡೆಯ ಹುಡುಗಿಯೊಬ್ಬಳು ಹತ್ತಿ, ಸೌಮ್ಯಾಳನ್ನು ನೋಡಿ, ನೀನಲ್ಲ ಎಂಬಂತೆ ತಲೆಯಾಡಿಸಿ ಮುಂದೆ ಹೋದಳು. ಮುಂದಿನ ನಿಲ್ದಾಣ ಶ್ರೇಯಾ. ಮುಂದಿನ ನಿಲ್ದಾಣ ಕಿಶೋರ. ಒಂದೊಂದು ನಿಲ್ದಾಣದಲ್ಲೂ ಒಂದೊಂದು ಮಗು ಹತ್ತುತ್ತಿತ್ತು. ಒಂದರ ಮೊಣಕಾಲಿಗೆ ಗಾಯ, ಒಂದರ ಬಾಯಲ್ಲಿ ಬೆರಳು. ಯಾವುದನ್ನೂ ಅವಳು ಹಡೆದಿರಲಿಲ್ಲ. ಎಲ್ಲಕ್ಕೂ ಒಂದಲ್ಲ ಒಂದು ದಿನ, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಿಚುತ್ತಲೋ, ಹೆಸರಿಟ್ಟಿದ್ದಳು. ಡಬ್ಬದ ಕೊನೆಯಲ್ಲಿ, ಬಾಗಿಲ ಬಳಿ, ಇನ್ನೊಂದು ಮಗು ಬೆನ್ನು ಹಾಕಿ ನಿಂತಿತ್ತು. ಅದು ಯಾವ ನಿಲ್ದಾಣದಲ್ಲಿ ಹತ್ತಿತೆಂದು ಅವಳು ನೋಡಿರಲಿಲ್ಲ. ಕರೆಯಬೇಕೆಂದು ಬಾಯಿ ತೆರೆದಳು. ಏನೆಂದು ಕರೆಯುವುದು?

ಕೊನೆಯ ಸ್ಟೇಷನ್ ಬಂದಿತ್ತು. ಯಾರೋ ಭುಜ ತಟ್ಟಿ “ಉತರಾಯ್ಚಂ ನಾ?” ಎಂದು ಇಳಿಯಲು ಹೇಳಿದರು.

ಫೋರ್ಟಿನ ಓಣಿಗಳು ಅಂದು ಅರ್ಧ ನಿದ್ದೆಯಲ್ಲಿದ್ದವು. ಅರ್ಧ ಶಟರ್ ಎಳೆದ ಅಂಗಡಿಗಳ ಒಳಗೆ ಪೂಜೆಯ ದೀಪ ಮಿಣಮಿಣ. ಹೋಟೆಲಿನ ಹಿಂಬದಿಯಲ್ಲಿ ದೊಡ್ಡ ಗ್ರೈಂಡರುಗಳು ಕೊರಳಿಗೆ ಮಾಲೆ ಹಾಕಿಸಿಕೊಂಡು ಮದುಮಕ್ಕಳ ಹಾಗೆ ಸುಮ್ಮನೆ ನಿಂತಿದ್ದವು.

“ಇವತ್ತು ಇವರಿಗೆ ರಜೆ,” ಎಂದಳು ಮೋಹಿನಿ. “ಬೆಳಿಗ್ಗೆಯ ಹಿಟ್ಟು ಮುಗಿದರೆ ಇಡ್ಲಿ ಮುಗಿಯಿತು. ಗಿರಾಕಿಗಳಿಗೆ ಬರೇ ಕಾಫಿ, ಬರೇ ನನ್ನ ಮುಖ. ಕೂತುಕೋ. ಏನು, ದೆವ್ವ ಕಂಡವಳ ಹಾಗೆ ಇದ್ದಿ?”

ಸೌಮ್ಯಾ ಎಲ್ಲವನ್ನೂ ಹೇಳಿದಳು. ಮೋಹಿನಿ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಮಾವನ ಸ್ವಚ್ಛತೆಯ ಮಾತು ಕೇಳಿ ಗಲ್ಲಾದ ಮೇಲೆ ತಲೆಯಿಟ್ಟು ನಕ್ಕಳು. “ಕೆಟ್ಟ ಮೀಟರಾ! ಅಯ್ಯೋ ದೇವರೇ, ಅವರನ್ನು ಒಂದು ದಿನ ನಮ್ಮ ಹೋಟೆಲಿಗೆ ಕಳಿಸು. ನಮ್ಮವರ ತಲೆ ಒಳಗೂ ಸ್ವಲ್ಪ ಕ್ಲೀನ್ ಮಾಡಲಿಕ್ಕುಂಟು.”

“ಮೋಹಿನಿ, ನಾನು ಅವತ್ತು ಯಾವ ಹೆಸರು ಬರೆದೆ?”

“ನನಗೆ ಹೇಗೆ ಗೊತ್ತಾಗ್ಬೇಕು? ನೀನು ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿದು ಬರೆದದ್ದು. ನಾನು ಕದ್ದುಬಿಡ್ತೇನೆ ಅಂತ.”

ಸೌಮ್ಯಾಳಿಗೆ ನಾಚಿಕೆಯಾಯಿತು. ಇಬ್ಬರ ನಡುವೆ ಕಾಫಿ ಆರುತ್ತಿತ್ತು. ಅಂಗೈ ಅಡ್ಡ ಹಿಡಿಯುವಂಥವಳು ಏನು ಬರೆದಿರಬಹುದು? ತನ್ನ ಸ್ವಭಾವ ತನಗೆ ಗೊತ್ತಿಲ್ಲವೇ. ಮಗುವೇ ಇಲ್ಲದ ಮೇಲೆ ‘ಇಲ್ಲ’ ಎಂದೇ ಬರೆದಿರಬೇಕು. ಖಾತ್ರಿ ಎನ್ನಿಸಿತು. ಮೋಹಿನಿ ಬೇಡ ಅನ್ನುವ ಮೊದಲೇ ‘ಇಲ್ಲ’ ಎಂದು ಬರೆದು ಒತ್ತಿದಳು.

ತಪ್ಪು. ಇನ್ನು ಒಂದೇ ಅವಕಾಶ ಉಳಿದಿದೆ.

“ನಿನಗೆ ಮಂಡೆ ಸರಿ ಉಂಟಾ?” ಎಂದು ಮೋಹಿನಿ ಫೋನನ್ನೇ ಕಿತ್ತುಕೊಂಡಳು. “ಇಲ್ಲ ಅಂತ ಬರೆಯುವವಳು ಹಾಗೆ ನಗಾಡ್ತಾಳಾ?”

“ನಕ್ಕೆನಾ?”

“ನಗಾಡಿದ್ದಾ! ಕುರ್ಚಿಯಿಂದ ಬೀಳುವುದೊಂದು ಬಾಕಿ. ನೀನು ಆಫೀಸಿನಲ್ಲಿ ಹಾಗೆ ನಗಾಡಿದ್ದು ನಾನು ನೋಡಿದ್ದೇ ಅದೊಂದು ಸಲ. ಅದಕ್ಕೇ ನೆನಪುಂಟು. ಎಂತ ಹೆಸರು ಮಾರಾಯ್ತಿ ಅಂತ ಕೇಳಿದೆ. ನೀನು ಹೇಳಿದಿ, ಯಾರಿಗೂ ಬೇಡದ ಹೆಸರು, ಇದನ್ನು ಯಾರೂ ಕದಿಯುವುದಿಲ್ಲ, ಯಮನೂ ಕದಿಯುವುದಿಲ್ಲ ಅಂತ. ಅಷ್ಟೇ. ಆಮೇಲೆ ಸಾಹೇಬರು ಬಂದರು, ನಾವು ಫೈಲು ತೆರೆದೆವು.”

ಯಾರಿಗೂ ಬೇಡದ ಹೆಸರು. ಹಿಂತಿರುಗುವ ಗಾಡಿಯಲ್ಲಿ ಸೌಮ್ಯಾ ಅದನ್ನೇ ಬಾಯೊಳಗೆ ಉರುಳಿಸುತ್ತ ಬಂದಳು. ಆ ನಗುವನ್ನು ನೆನೆಯಲು ನೋಡಿದಳು. ಅಷ್ಟು ಹಗುರಾಗಿದ್ದ, ಯಾವುದನ್ನೂ ಜಗ್ಗಿ ನೋಡದ ಒಬ್ಬ ಸೌಮ್ಯಾ ಒಂದು ಕಾಲಕ್ಕೆ ಈ ಊರಿನಲ್ಲಿ ಓಡಾಡಿದ್ದಳಂತೆ. ಅವಳ ವಿಳಾಸ ಸಿಕ್ಕರೆ ಹೋಗಿ ಕೇಳಬಹುದಿತ್ತು. ಶಿವಡಿಯ ಹತ್ತಿರ ಕೆಸರು ನೀರಿನ ಮೇಲೆ ಬಿಸಿಲು ಬಿದ್ದು ಬೋಗಿಯ ಚಾವಣಿಯ ಮೇಲೆ ಬೆಳಕಿನ ಬಲೆಯೊಂದು ಅಲುಗಾಡಿತು. ಅವಳು ತಲೆ ಎತ್ತಿ ಅದನ್ನೇ ನೋಡುತ್ತಿದ್ದಳು. ಬಲೆಯೊಳಗೆ ಏನೂ ಸಿಕ್ಕಿರಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಸವಂತಪ್ಪ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ. ಹೋಳಿಗೆಯ ತಟ್ಟೆ ಮುಟ್ಟದೆ ಇತ್ತು.

“ಉಣವೊಲ್ಲರು,” ಎಂದರು ರುದ್ರವ್ವ. “ಕೂಸಿನ ಬಾಗಲಾ ಹಾಕಿದಾಂವ ಹೋಳಿಗಿ ಹೆಂಗ ತಿನ್ನಲಿ ಅಂತಾರ. ನಾ ಅಂದೆ, ಉಪಾಸ ಇದ್ರ ಬಾಗಲಾ ತಗೀತೈತೇನು?”

ಸೌಮ್ಯಾ ಅತ್ತೆಯ ಹತ್ತಿರ ನೆಲದ ಮೇಲೆ ಕೂತಳು. ಈ ಒಂದು ವಿಷಯದಲ್ಲಿ ಅತ್ತೆಯನ್ನು ಏನೂ ಕೇಳಬಾರದೆಂದು ಇಷ್ಟು ವರ್ಷ ತನಗೆ ತಾನೇ ಗೆರೆ ಹಾಕಿಕೊಂಡಿದ್ದಳು. ಈಗ ಬೇರೆ ಯಾರೂ ಉಳಿದಿರಲಿಲ್ಲ.

“ಅತ್ಯಾರ, ನಾ ಹೊಸದಾಗಿ ಬಂದಾಗ ಆ ಹೆಸರು ಬರದೀನ್ರಿ. ಯಾರಿಗೂ ಬ್ಯಾಡಾದ ಹೆಸರು, ಯಮನೂ ಕದಿಯೂದಿಲ್ಲ ಅಂತ ಮೋಹಿನಿ ಮುಂದ ನಕ್ಕಿದ್ನಂತ. ನಿಮಗೇನರೆ...”

ರುದ್ರವ್ವ ಜಗಲಿಯ ದೀಪಕ್ಕೆ ಎಣ್ಣೆ ಹಾಕಿದರು, ಬತ್ತಿಯನ್ನು ಚೂರು ಮುಂದಕ್ಕೆ ಸರಿಸಿದರು. ಈ ಸಲ ಎದ್ದು ಒಳಗೆ ಹೋಗಲಿಲ್ಲ.

“ಮರತೀಯೇನು?” ಎಂದರು. “ನಾನ ಹೇಳಿದ್ದೆ ನಿನಗ. ಇದ ಜಾಗಾದಾಗ ಕೂತು ಅವರಿಕಾಯಿ ಬಿಡಸ್ತಿದ್ವಿ. ನಿನ್ನ ಗಂಡಗ ಮೊದಲ ಏನಂತ ಕರೀತಿದ್ವಿ ಅಂತ ಹೇಳಿದೆ. ನೀ ಕಾಯಿ ಚೆಲ್ಲೂವಂಗ ನಕ್ಕಿದ್ದಿ.”

ಸೌಮ್ಯಾಳ ಕಿವಿಯಲ್ಲಿ ಏನೋ ತೆರೆದಂತಾಯಿತು.

“ಇವನಕಿಂತ ಮೊದಲ ಎರಡ ಹೋಗಿದ್ವು,” ಎಂದರು ರುದ್ರವ್ವ, ದೀಪವನ್ನೇ ನೋಡುತ್ತ. “ಒಂದು ತೊಟ್ಟಲದಾಗ ಹಾಕೂ ಮೊದಲ, ಇನ್ನೊಂದು ಹಲ್ಲ ಬರೂಮುಂದ. ಇಂವ ಹುಟ್ಟಿದ ದಿನ ನಮ್ಮವ್ವ ನನಗ ಮುಖಾನ ನೋಡಗೊಡಲಿಲ್ಲ. ಜ್ವಾಳ ಕೇರೂ ಮರದಾಗ ಹಾಕ್ಕೊಂಡು ಒಯ್ದು ತಿಪ್ಪಿ ಮ್ಯಾಲ ಇಟ್ಟಳು. ಓಣ್ಯಾಗಿನ ಮಲ್ಲವ್ವ ಅನ್ನಾಕಿ ದಾರಿ ಹೋಕರಂಗ ಬಂದು, ‘ಅಯ್ಯ, ಯಾರ ಕೂಸೋ ಏನೋ’ ಅಂತ ಎತ್ತಿಕೊಂಡು ನಮ್ಮ ಬಾಗಲಕ್ಕ ತಂದಳು. ‘ಯವ್ವಾ, ತಿಪ್ಪ್ಯಾಗ ಸಿಕ್ಕೈತಿ, ನಿಮಗ ಬೇಕೇನ?’ ಅಂದಳು. ನಾ ಒಂದ ಮರ ಜ್ವಾಳ ಕೊಟ್ಟು ಇಸಗೊಂಡೆ. ಹಡದಾಕಿ ನಾನ, ಇಸಗೊಂಡಾಕೀನೂ ನಾನ. ಇದು ನಂದಲ್ಲಪಾ, ಸಿಕ್ಕಿದ್ದು, ಚಲೋ ಹೆಸರೂ ಇಲ್ಲ ಇದಕ್ಕ, ಅಂತ ದೇವರಿಗೆ ಹೇಳಿದೆ. ಕಸಾ ಅಂತ ತಿಳಕೊಂಡು ಯಮ ಬಿಟ್ಟ ಹೋಗಲಿ ಅಂತ. ಸಾಲೀಗೆ ಹಚ್ಚುಮುಂದ ಶ್ರೀಶೈಲ ಅಂತ ಬರಸಿದ್ದು. ಅಲ್ಲೀತನಾ ಅಂವ ತಿಪ್ಪ್ಯಾನ.”

ಕೆಳಗೆ ಎಲ್ಲೋ ಗರಬಾ ಕುಣಿತದ ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದರು. ಹಲೋ, ಹಲೋ ಎಂಬ ದನಿ ಗಾಳಿಯಲ್ಲಿ ತೇಲಿ ಬಂದು ಹೋಯಿತು.

ಆ ಅವರೆಕಾಯಿಯ ಸಂಜೆ ಈಗ ಅವಳ ಮುಂದೆ ಇಡಿಯಾಗಿ ಬಂತು. ಮರುದಿನವೇ ಫೋರ್ಟಿನಲ್ಲಿ ಆ ಪ್ರಶ್ನೆ ಎದುರಾದದ್ದು. ಬರೇ ಆಟ, ಬರೇ ಮಷೀನಿನ ಪ್ರಶ್ನೆ. ಆದರೂ ಹುಟ್ಟದ ಮಗುವಿಗೆ ಚೆಂದದ ಹೆಸರನ್ನು ಬರೆದಿಡಲು ಅವಳಿಗೆ ಭಯವಾಗಿತ್ತು. ಯಾರ ಕಣ್ಣು ಬಿದ್ದೀತೋ! ಅದಕ್ಕೆ ಅಡ್ಡ ಹಿಡಿದದ್ದು ಅಂಗೈ. ಅದಕ್ಕೆ ಇಟ್ಟದ್ದು ಗಂಡನ ತೊಟ್ಟಿಲ ಹೆಸರಿನ ಜೋಡಿ ಹೆಸರು. ಆಗಲೂ ಅವಳು ಜಗ್ಗಿ ನೋಡುವವಳೇ ಆಗಿದ್ದಳು. ಜೊತೆಗೆ ನಗುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಒಂದೊಂದೇ ಅಕ್ಷರ ಒತ್ತಿದಳು. ತಿಪ್ಪವ್ವ.

ಪರದೆ ಯೋಚಿಸಿತು. ಬೆಳಿಗ್ಗೆಗಿಂತ ಹೆಚ್ಚು ಹೊತ್ತು ಯೋಚಿಸಿತು. ರುದ್ರವ್ವ ಸೊಸೆಯ ಬೆನ್ನ ಮೇಲೆ ಕೈ ಇಟ್ಟರು. ಆಮೇಲೆ ಹಸಿರು ಗುರುತೊಂದು ಬಂತು, ಸದ್ದಿಲ್ಲದೆ. ಹೊಸ ಎರಡು ಹಂತದ ಬೀಗವನ್ನು ಈಗಲೇ ಜೋಡಿಸಿಕೊಳ್ಳಿ ಎಂದಿತು. ಜೋಡಿಸಿದಳು. ಖಾಲಿಯಾಗಿದ್ದ ಆ್ಯಪಿನ ಬಿಳುಪಿನಲ್ಲಿ ಆರು ಹೊಸ ಅಂಕಿ ಮೂಡಿದವು. ಅವುಗಳ ಪಕ್ಕ ಪುಟ್ಟ ವೃತ್ತ ಮೆಲ್ಲಗೆ ಸವೆಯತೊಡಗಿತು.

ಇ–ಮೇಲ್ ತೆರೆಯಿತು. ಸಾಂಗ್ಲಿಯ ಕಡೆಯ ಶಿಶುಗೃಹ. ಹೆಣ್ಣು ಮಗು. ಈಗಷ್ಟೇ ಹಿಡಿದುಕೊಂಡು ನಡೆಯುತ್ತಾಳೆ, ಬಾಳೆಹಣ್ಣು ಇಷ್ಟ, ಬಲಗಿವಿಯ ಹಿಂದೆ ಒಂದು ಮಚ್ಚೆ. ಹೆಸರೂ ಇತ್ತು. ಸೌಮ್ಯಾ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು.

ಫೋಟೋದಲ್ಲಿ ಮಗು ಕ್ಯಾಮರಾದ ಕಡೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕಾಣದೆ ನಿಂತ ಯಾರನ್ನೋ ನೋಡಿ ಬಾಯಿ ತೆರೆದಿತ್ತು. ಕೆನ್ನೆಯ ಮೇಲೆ, ಸ್ವಲ್ಪ ಓರೆಯಾಗಿ, ಕಾಡಿಗೆಯ ದೊಡ್ಡ ಬೊಟ್ಟು.

“ದೃಷ್ಟಿ ಬೊಟ್ಟು,” ಎಂದರು ರುದ್ರವ್ವ. “ಯಾರೋ ಪುಣ್ಯಾತ್ಗಿತ್ತಿ ಇಟ್ಟಾಳ ನೋಡು, ದಿನಾ.” ಆಮೇಲೆ ಸೆರಗಿನಿಂದ ಪರದೆಯನ್ನು ಮುಚ್ಚಿದರು. “ಸಾಕು, ಭಾಳ ನೋಡಬ್ಯಾಡ. ನಂಗ ಬ್ಯಾಡಾಗಿತ್ತು ಅಂತ ತಿಳಕೊಂಡಿದ್ದಿ ಏನು? ಬಾಯಿ ಬಿಟ್ಟು ಬೇಕು ಅಂದ್ರ ಎಲ್ಲಿ ತಪ್ಪೀತೋ ಅಂತ ಅಂಜಿಕಿ. ಹೋಗು, ಅವನ್ನ ಕರಕೊಂಡು ಬಾ. ಇಬ್ಬರೂ ಕೂಡೇ ಹ್ಞೂಂ ಅನ್ರಿ.”

ಬಸವಂತಪ್ಪ ಎದ್ದರು. ಚಪ್ಪಲಿ ಹಾಕಿಕೊಳ್ಳುವಂತೆ ಕಾಲು ಆಡಿಸಿದರು. “ನಾನೂ ಬರಲೇನು?”

“ನೀವು ಉಣ್ರಿ ಮೊದಲ,” ಎಂದರು ರುದ್ರವ್ವ. “ಅಜ್ಜ ಆಗಾಂವ ನೆಟ್ಟಗ ನಿಂದರೂವಂಗರೆ ಇರಬೇಕು.”

ರಿಫೈನರಿಯ ಗೇಟಿನ ಮುಂದೆ ಸೌಮ್ಯಾ ಬಂದು ನಿಂತಾಗ ಆಕಾಶ ಕೆಂಪಾಗುತ್ತಿತ್ತು. ದೂರದ ಎತ್ತರದ ಕೊಳವೆಯ ತುದಿಯಲ್ಲಿ ಜ್ವಾಲೆ ಗಾಳಿಗೆ ಒಮ್ಮೆ ಹೀಗೆ, ಒಮ್ಮೆ ಹಾಗೆ ವಾಲುತ್ತಿತ್ತು. ಹಾರ ಹಾಕಿದ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಶಿಫ್ಟು ಬಿಟ್ಟು ಜನ ಬಂದರು. ಅವರ ನಡುವೆ ಶ್ರೀಶೈಲ. ಹೆಂಡತಿಯನ್ನು ಅಲ್ಲಿ ಕಂಡು ಅವನ ಮುಖ ಕಪ್ಪಿಟ್ಟಿತು.

“ಅಪ್ಪಗೇನರೆ ಆತೇನು?”

“ಇಲ್ಲ. ಬರ್ರಿ ಇಲ್ಲೆ.”

ಗೋಡೆಯ ಬದಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ, ಆಮೇಲೆ ಫೋನು ಹಿಡಿದ. ಎರಡು ಬೆರಳಿನಿಂದ ಫೋಟೋವನ್ನು ದೊಡ್ಡದು ಮಾಡಿ ನೋಡಿದ. “ಕಾಲಾಗ ಸಾಕ್ಸ್ ಒಂದ ಐತಿ,” ಎಂದ ಕೊನೆಗೆ. ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಅವಳ ಫೋನನ್ನು ಮರಳಿಸಿ, ಗೇಟಿನಲ್ಲಿ ಬಿಟ್ಟಿದ್ದ ತನ್ನ ಫೋನಿನಲ್ಲಿ ಅವಳ ಮೇಲ್ ಖಾತೆಯ ಮೂಲಕ ದತ್ತಿನ ಪುಟ ತೆರೆದು, ಒಪ್ಪಿಗೆಯ ಗುಂಡಿಯನ್ನು ಅವನೇ ಒತ್ತಿದ. ಫೋನು ಮತ್ತೆ ಆರು ಅಂಕಿ ಕೇಳಿತು. ದತ್ತಿನ ಪುಟ ಅವನ ಫೋನಿನಲ್ಲಿ ತೆರೆದಿತ್ತು, ಅಂಕಿ ಅವಳ ಫೋನಿನಲ್ಲಿ ಬರುತ್ತಿತ್ತು. “ಹೇಳು,” ಎಂದ.

ಸೌಮ್ಯಾ ಸುತ್ತ ನೋಡಿದಳು. ಚಹಾದ ಗಾಡಿಯವನು, ವಾಚ್‌ಮನ್, ಬಸ್ಸಿಗೆ ಕಾಯುವ ಹತ್ತು ಮಂದಿ. ಜನ್ಮದಲ್ಲಿ ಒಂದು ಅಂಕಿಯನ್ನೂ ಯಾರ ಎದುರೂ ಬಾಯಿ ಬಿಟ್ಟು ಹೇಳಿದವಳಲ್ಲ. ಪಿಸುಗುಟ್ಟಿದಳು. ಟ್ಯಾಂಕರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಕೊನೆಯ ಅಂಕಿಗೆ ಬರುವಷ್ಟರಲ್ಲಿ ವೃತ್ತ ಸವೆದು, ಸಂಖ್ಯೆ ಬದಲಾಗಿಹೋಯಿತು.

“ಕೇಳವಲ್ದು, ಜೋರ ಹೇಳ!”

ಅವಳು ಉಸಿರೆಳೆದುಕೊಂಡಳು. ಹೊಸ ಸಂಖ್ಯೆಯನ್ನು ಮೊದಲಿನಿಂದ, ಒಂದೊಂದಾಗಿ, ಚಹಾದವನು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. ಅವನ ಒರಟು ಬೆರಳು ಒಂದೊಂದನ್ನೇ ಒತ್ತುತ್ತ ಅವಳ ದನಿಯ ಹಿಂದೆಯೇ ಬಂತು.

‘ನಿಮ್ಮ ಒಪ್ಪಿಗೆ ದಾಖಲಾಗಿದೆ’ ಎಂದಿತು ಪರದೆ.

ಶ್ರೀಶೈಲ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು. ಅವರು ಹತ್ತಬೇಕಾಗಿದ್ದ ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಏಳಲಿಲ್ಲ.